ಬೂದಿದಿಬ್ಬದ ಮಣ್ಣಾಗ ನಾಕ್ ಸಾವಿರ ವರ್ಷದ ದನದ ಡಿಎನ್ಎ ಸಿಗ್ತದೇನ್ರಿ?

ಎರಿಹೊಲದ ಹುಡುಗ

ಶರಣ್ರೀ ಎಲ್ಲರಿಗೂ. ಭಾಳ ದಿನದಿಂದ ಒಂದ್ ಡೌಟ್ ತಲಿ ತಿನ್ಲಿಕತ್ತದ, ತಿಳ್ದವ್ರು ಇದ್ದೀರಿ ಅಂತ ಕೇಳ್ಲಿಕತ್ತೀನಿ, ನಗಬ್ಯಾಡ್ರಿ.

ಮೊನ್ನೆ ಒಂದ್ ವಿಡಿಯೋ ನೋಡ್ದೆ. ಗ್ರೀನ್‌ಲ್ಯಾಂಡಿನ ಉತ್ತರ ತುದಿಗೆ ಕಾಪ್ ಕೋಪನ್‌ಹೇಗನ್ ಅಂತ ಒಂದ್ ಜಾಗ ಅದ, ಅಲ್ಲಿ ಎಲುಬು ಗಿಲುಬು ಏನಿಲ್ಲ, ಬರೇ ಮಣ್ಣ ತಗೊಂಡು ಅದರಾಗಿಂದ 20 ಲಕ್ಷ ವರ್ಷದ ಹಿಂದಿನ ಡಿಎನ್ಎ ತೆಗದಾರ. ಆನಿ ಕುಲದ ಮಾಸ್ಟೊಡಾನ್, ಹಿಮಸಾರಂಗ, ಮೊಲ, ಬರ್ಚ್ ಗಿಡ, ಪಾಪ್ಲರ್ ಗಿಡ ಎಲ್ಲಾ ಸಿಕ್ಕಾವಂತ. ಈಗ ಅಲ್ಲಿ ನೋಡಿದ್ರ ನೆಟ್ಟಗ ಒಂದ್ ಗಿಡ ಇಲ್ಲ.

ಆವಾಗಿಂದ ನನಗ ನಿದ್ದಿ ಇಲ್ಲ. ನಾನು ಹುಣಸಗಿ ಕಡಿಯವ. ಬೈಕ್ ಹತ್ತಿದ್ರ ಬೂದಿಹಾಳ, ಕೊಡೇಕಲ್ ಕಡಿ ಬೂದಿದಿಬ್ಬ ಅವ. ನಮ್ಮಜ್ಜ ಹೇಳ್ತಿದ್ದ ಅದು ರಾಕ್ಷಸನ್ನ ಸುಟ್ಟ ಬೂದಿ ಅಂತ, ಆಮ್ಯಾಲ ಸಾಲ್ಯಾಗ ಮಾಸ್ತರು ಹೇಳಿದ್ರು ಇಲ್ಲೋ ಅದು ಹಿಂದಿನ ಕಾಲದ ದನದ ಹೆಂಡಿ ಸುಟ್ಟ ಬೂದಿ ಅಂತ. ಹೆಂಡಿ ಅಂದಮ್ಯಾಲ ಅದರಾಗ ದನದ ಡಿಎನ್ಎ ಇರ್ಬೇಕು, ದನ ಮೇಯ್ದ ಹುಲ್ಲಿಂದೂ ಇರ್ಬೇಕು, ಹೌದಲ್ಲ? ಗ್ರೀನ್‌ಲ್ಯಾಂಡಿನ 20 ಲಕ್ಷದ ಮುಂದ ನಮ್ಮ ನಾಕ್ ಸಾವಿರ ಯಾವ ಲೆಕ್ಕ?

ಅದಕ್ಕ ಹೋದ ಐತವಾರ ಹೋಗಿ ದಿಬ್ಬದ ಮಗ್ಗಲ ಮಳಿಗೆ ಕುಸಿದ ಜಾಗದಾಗಿಂದ ಒಂದ್ ಪಾಕೀಟ್ ಮಣ್ಣ ತಂದು ಫ್ರಿಜ್‌ನಾಗ ಇಟ್ಟೀನಿ, ಅವ್ವಗ ಹೇಳಿಲ್ಲ. ಎಲ್ಲಿ ಕಳಸ್ಬೇಕು, ರೊಕ್ಕ ಎಷ್ಟಾಗ್ತದ?

ಸುರಪುರ ಮಾಸ್ತರ

ನಿಮ್ಮ ಸಾಲಿ ಮಾಸ್ತರು ಹೇಳಿದ್ದು ಖರೇ ಅದ. ಬಳ್ಳಾರಿ ಕಡಿ ಕುಡುತಿನಿ ಬೂದಿಗುಡ್ಡ ಇದ್ಯಲ್ಲ, ಆ ಬೂದಿ ಹೆಂಡಿದೇ ಅಂತ ಝಾಯ್ನರ್ ಅನ್ನೋ ವಿದ್ವಾಂಸರು ಪರೀಕ್ಷೆ ಮಾಡಿ ತೋರಿಸಿ 60 ವರ್ಷದ ಮ್ಯಾಲಾಯ್ತು. ತೆಲಂಗಾಣದ ಉತ್ನೂರಿನಾಗ ಅಂತೂ ದನದ ಗೊರಸಿನ ಗುರುತೇ ಸಿಕ್ಕಾವ, ಆಲ್ಚಿನ್ ಅನ್ನೋ ಪುರಾತತ್ವದವ್ರು ಅಗೆದಾಗ. ನಮ್ಮ ಬೂದಿಹಾಳದಾಗ ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವ್ರು ವರ್ಷಗಟ್ಟಲೆ ಅಗೆದು, ದನ ಕಟ್ಟೋ ದೊಡ್ಡಿ ಎಲ್ಲಿತ್ತು, ಮಂದಿ ಎಲ್ಲಿ ಇರ್ತಿದ್ರು, ದನ ಕೊಯ್ಯೋ ಜಾಗ ಯಾವ್ದು ಅಂತ ಬ್ಯಾರೆಬ್ಯಾರೆ ಗುರುತಿಸಿ ತೋರಿಸ್ಯಾರ. ಅಂದ್ರ ಬರೇ ಬೂದಿ ಗುಡ್ಡಿ ಅಲ್ಲ ಅದು, ಊರು.

ಇನ್ನೊಂದು ಮಾತು, ಅದೇ ಹುಣಸಗಿ ಕೊಳ್ಳದಾಗ ಇಸಾಂಪುರ ಅದ. ಅಲ್ಲಿ ಸುಣ್ಣಗಲ್ಲಿನ ಚಪ್ಪಡಿ ಕಿತ್ತು ಕೈಗೊಡಲಿ ಮಾಡ್ತಿದ್ದ ಜಾಗ, ಪ್ರಾಣಿ ಹಲ್ಲಿನ ಮ್ಯಾಲ ಕಾಲ ಲೆಕ್ಕ ಹಾಕಿದ್ರ ಸುಮಾರು 12 ಲಕ್ಷ ವರ್ಷ ಬಂತು. ನಮ್ಮ ಹುಡುಗ್ರಿಗೆ ಮೊಹೆಂಜೊದಾರೊ ಗೊತ್ತು, ಇಸಾಂಪುರ ಗೊತ್ತಿಲ್ಲ. ಇರ್ಲಿ, ಆ ಸಿಟ್ಟು ಬ್ಯಾರೆ.

ಡಿಎನ್ಎ ವಿಷಯ ನನಗ ತಿಳ್ಯಂಗಿಲ್ಲ. ಆದ್ರ ಮಣ್ಣ ತಂದದ್ದು ತಪ್ಪು ತಮ್ಮಾ.

ಲ್ಯಾಬ್ ಅಕ್ಕ

ಕಲಬುರಗಿಯಾಕಿ, ಈಗ ಹೈದರಾಬಾದಿನಾಗ ಲ್ಯಾಬ್ ಕೆಲಸ. ಪುರಾತನ ಡಿಎನ್ಎ ನನ್ನ ಕೆಲಸ ಅಲ್ಲ, ಆದ್ರ ಡಿಎನ್ಎ ತೆಗ್ಯೋದು ದಿನದ ಕೆಲಸ, ಅದಕ್ಕ ಬರೀಲಿಕತ್ತೀನಿ, ಉದ್ದ ಆಗ್ತದ, ಚಹಾ ಹಿಡ್ಕೊಂಡು ಓದ್ರಿ.

ತಮ್ಮಾ ಮೊದ್ಲು ಬೈತೀನಿ. ಬರಿಗೈಲೆ ಮುಟ್ಟೀದಿ, ಪಾಲಿಥಿನ್ ಪಾಕೀಟ್‌ನಾಗ ಹಾಕೀದಿ, ಫ್ರಿಜ್‌ನಾಗ ಮೊಸರಿನ ಮಗ್ಗಲಕ ಇಟ್ಟೀದಿ. ಆ ಪಾಕೀಟ್‌ನಾಗ ಈಗ ದನದ ಡಿಎನ್ಎ ಗ್ಯಾರಂಟಿ ಅದ, ಆದ್ರ ಅದು ನಾಕ್ ಸಾವಿರ ವರ್ಷದ್ದಲ್ಲ, ನಿಮ್ಮನಿ ಮೊಸರಿಂದು. ಈ ಕೆಲಸ ಮಾಡೋ ಲ್ಯಾಬ್‌ನಾಗ ಮೈತುಂಬ ಸೂಟ್, ಎರಡೆರಡು ಕೈಗವಸು, ಮುಖಕ್ಕ ಮಾಸ್ಕ್, ಟೇಬಲ್ ಬ್ಲೀಚ್‌ಲೆ ಒರಸೋದು, ರಾತ್ರಿ ಯುವಿ ಲೈಟ್ ಹಚ್ಚೋದು, ಇಷ್ಟೆಲ್ಲಾ ಮಾಡಿ ಮತ್ತ ಜೊತಿಗೆ ಮಣ್ಣೇ ಹಾಕದ ಖಾಲಿ ಟ್ಯೂಬ್ ಒಂದು ಇಡ್ತಾರ, ಅದರಾಗೂ ಡಿಎನ್ಎ ಬಂತಂದ್ರ ಎಲ್ಲಾ ಕೆಟ್ಟಂಗೇ.

ಈಗ ವಿಷಯ. ಪ್ರಾಣಿ ಹೆಂಡಿ ಹಾಕ್ತದ, ಉಚ್ಚಿ ಹೊಯ್ತದ, ಕೂದಲ ಉದುರತದ, ಗಿಡದ ಬೇರು ಕೊಳೀತದ. ಡಿಎನ್ಎ ಹೊರಗ ಬಂದು ಮಣ್ಣಿನ ಸಣ್ಣ ಕಣಕ್ಕ ಅಂಟ್ಕೋತದ. ಹಂಗ ಅಂಟ್ಕೊಂಡದ್ದನ್ನ ಸೂಕ್ಷ್ಮಜೀವಿಗೆ ತಿನ್ಲಿಕ್ಕೆ ಕಷ್ಟ, ಅದಕ್ಕೇ ಉಳೀತದ. 2003ರಾಗ ವಿಲರ್ಸ್‌ಲೆವ್ ಅನ್ನೋ ವಿಜ್ಞಾನಿ ತಂಡ ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಾಗಿಂದ ಮ್ಯಾಮತ್, ಕುದುರಿ, ಕಾಡೆಮ್ಮಿ ಡಿಎನ್ಎ ತೆಗೆದಾಗ ಮಂದಿ ನಂಬ್ಲಿಲ್ಲ. 2017ಕ್ಕ ಮನುಷ್ಯರದ್ದೂ ಬಂತು, ಗವಿಯೊಳಗಿನ ಮಣ್ಣಾಗಿಂದ, ಎಲುಬೇ ಸಿಗದ ಪದರಿನಾಗಿಂದ ನಿಯಾಂಡರ್ತಲ್, ಡೆನಿಸೋವನ್ ಅನ್ನೋ ಅಳಿದುಹೋದ ಮನುಷ್ಯ ಕುಲದ ಮಂದಿ ಗುರುತು. 2021ರಾಗ ಸೈಬೀರಿಯಾದ ಡೆನಿಸೋವಾ ಗವಿ ಒಂದರಾಗೇ 728 ಮಣ್ಣಿನ ಸ್ಯಾಂಪಲ್ ನೋಡಿ, ಯಾವ ಪದರಿನ್ಯಾಗ ಯಾರು ಇದ್ರು, ಯಾರು ಹೋದ್ರು ಅಂತ ಪಂಚಾಯತಿ ವೋಟರ್ ಲಿಸ್ಟ್ ಮಾಡಿದಂಗ ಮಾಡ್ಯಾರ.

ಇದು ಹಳೇದು, ಇದು ಹೊಸಾದು ಅಂತ ಹ್ಯಾಂಗ ಗೊತ್ತಾಗ್ತದ ಅಂದ್ರ, ಹಳೇ ಬಾಂಡ್ ಪೇಪರ್ ನೋಡೀರಲ್ಲ, ಮೊದ್ಲು ಅಂಚು ಹರೀತದ. ಡಿಎನ್ಎನೂ ಹಂಗೇ, ಅದು ಎ, ಸಿ, ಜಿ, ಟಿ ಅನ್ನೋ ನಾಕ್ ಅಕ್ಷರದಾಗ ಬರದಂಗ ಇರ್ತದ. ಉದ್ದನ್ನ ದಾರ ತುಂಡಾಗಿ ಮೂವತ್ತು ನಲವತ್ತು ಅಕ್ಷರದ ಚೂರು ಉಳೀತಾವ, ಆ ಚೂರಿನ ತುದಿಯಾಗಿನ ಸಿ ಅಕ್ಷರ ಕೆಟ್ಟು ಮಿಷಿನ್‌ಗೆ ಟಿ ಅಂತ ಕಾಣ್ತದ. ತುದಿಯಾಗ ಹಂಗ ಸವೆದದ್ದು ಕಂಡ್ರ ಹಳೇದು. ಮೊಸರಿನ ಡಿಎನ್ಎಕ್ಕ ಅದು ಇರಂಗಿಲ್ಲ.

ಇಷ್ಟು ಛಲೋ ಸುದ್ದಿ. ಕೆಟ್ಟ ಸುದ್ದಿ ಏನಂದ್ರ ಇವೆಲ್ಲಾ ಥಂಡಿ ದೇಶ. ಕಾಪ್ ಕೋಪನ್‌ಹೇಗನ್ ವರ್ಷಪೂರ್ತಿ ಹೆಪ್ಪು. ಡೆನಿಸೋವಾ ಗವಿ ಕಡಿ ವರ್ಷದ ಸರಾಸರಿ ಸೊನ್ನಿ ಡಿಗ್ರಿ ಆಸುಪಾಸು. ನಮ್ಮದು?

ತೊಗರಿ ಖಣಜ

ಏಪ್ರಿಲ್‌ನಾಗ 43. ಫ್ಯಾನ್ ಸೈತ ಬಿಸಿಗಾಳಿ ಉಗಳ್ತದ.

ಲ್ಯಾಬ್ ಅಕ್ಕ

ಹೌದ್ರಿ ಕಾಕಾ ಅದೇ. ನ್ಯೂಜಿಲೆಂಡಿನ ಮೋವಾ ಅನ್ನೋ ಹಕ್ಕಿ ಎಲುಬು 158 ತಗೊಂಡು 2012ರಾಗ ಲೆಕ್ಕ ಹಾಕಿದ್ರು, 13 ಡಿಗ್ರಿ ಇದ್ದಲ್ಲಿ ಒಂದ್ ಅಳತಿ ಡಿಎನ್ಎ ಅರ್ಧಕ್ಕ ಇಳೀಲಿಕ್ಕೆ 521 ವರ್ಷ ಅಂತ. ನಮ್ಮ ಕಡಿ ನೆಲದೊಳಗ ಎರಡ್ಮೂರು ಆಳು ಇಳಿದ್ರೂ ವರ್ಷದ ಸರಾಸರಿ ಕಾವೇ ಇರ್ತದ, ಅಂದ್ರ 25 ಡಿಗ್ರಿ ಮ್ಯಾಲೆ. ಕಾವು ಏರಿದಂಗ ಕೆಡೋದು ಜಿಗದು ಜಿಗದು ಏರ್ತದ. ಬಿಸಿಲ ನಾಡಿನಾಗ ಎಲುಬಿಂದೇ ಕಷ್ಟ, ಹರಿಯಾಣದ ರಾಖಿಗಢಿ ಅನ್ನೋ ಸಿಂಧೂ ನಾಗರಿಕತೆ ಕಾಲದ ಊರಿನ ಸುದ್ದಿ ಕೇಳೀರಲ್ಲ, 61 ಸ್ಯಾಂಪಲ್ ನೋಡಿ ಒಬ್ಬಾಕಿ ಹೆಣ್ಮಗಳದ್ದು ಅಷ್ಟೇ ಕೂಡಿಸ್ಲಿಕ್ಕೆ ಆಯ್ತು, 2019ರಾಗ.

ಮತ್ತ ಬೂದಿ ಅಂದ್ರ ಸುಟ್ಟದ್ದು. ಸುಟ್ಟಲ್ಲಿ ಡಿಎನ್ಎ ಉಳ್ಯಂಗಿಲ್ಲ ತಮ್ಮಾ, ಕೆಲವು ದಿಬ್ಬದಾಗ ಅಂತೂ ಕಾವಿಗೆ ಬೂದಿ ಕರಗಿ ಗಾಜಿನಂಗ ಆಗ್ಯದ. ಇರೋದಾದ್ರ ಸುಡದ ಹೆಂಡಿ ಪದರಿನ್ಯಾಗ, ಅದೂ ಆಳದಾಗ.

ಎರಿಹೊಲದ ಹುಡುಗ

ಅಕ್ಕಾ ಎದಿ ಒಡದ್ರಿ 😔

ತೊಗರಿ ಖಣಜ

ನಾನು ಚಿತ್ತಾಪುರ ಕಡಿಯವ, ಓದಿದ್ದು ಎಸ್ಸೆಸ್ಸೆಲ್ಸಿ, ಆದ್ರ ಮಣ್ಣ ನಲವತ್ತು ವರ್ಷ ನೋಡೀನಿ. ಅಕ್ಕಾರು ಪದರು ಪದರು ಅಂದ್ರಲ್ಲ, ಎರಿ ಭೂಮ್ಯಾಗ ಪದರು ಎಲ್ಲಿ ಉಳೀತದವ್ವಾ? ಬ್ಯಾಸಗಿ ಬಂತಂದ್ರ ಹೊಲ ಬಿರೀತದ, ಕಾಲು ಸಿಕ್ಕೊಳ್ಳೋ ಅಷ್ಟು ಬಿರುಕು, ನಮ್ಮ ಹುಡುಗ ಒಮ್ಮೆ ಮೊಬೈಲ್ ಬೀಳಿಸ್ಕೊಂಡು ಕೋಲು ಹಾಕಿ ಕೆದರಿದ್ರೂ ತಳ ಸಿಗಲಿಲ್ಲ. ಮ್ಯಾಲಿನ ಮಣ್ಣ, ಕಸ, ಕಣಕಿ ಚೂರು, ಹೆಂಡಿ ಪುಡಿ ಎಲ್ಲಾ ಗಾಳಿಗೆ ಒಳಗ ಬೀಳ್ತದ. ಮಳಿ ಬಂತು, ಮಣ್ಣ ಉಬ್ಬಿತು, ಬಿರುಕು ಮುಚ್ಚಿತು. ಹೋದ ವರ್ಷದ ಹೆಂಡಿ ಐದಾರು ಫೂಟ್ ಕೆಳಗ. ಎರಿ ತನ್ನನ್ನ ತಾನೇ ಉತ್ಕೋತದ ಅಂತ ನಮ್ಮ ಹಿರ್ಯಾರು ಸುಮ್ಮನ ಹೇಳಿಲ್ಲ.

ಹಂಗಿದ್ದಾಗ ಕೆಳಗಿಂದು ಹಳೇದು ಅಂತ ಹ್ಯಾಂಗ ಅಂತೀರಿ?

ಲ್ಯಾಬ್ ಅಕ್ಕ

ಕಾಕಾ ನಿಮ್ಮ ಪ್ರಶ್ನಿ ದೊಡ್ಡ ದೊಡ್ಡವರ್ನ ನಿಲ್ಲಿಸಿದ ಪ್ರಶ್ನಿ ರಿ. ನ್ಯೂಜಿಲೆಂಡಿನ ಗವಿಯಾಗ ಇದೇ ಆಗಿತ್ತು. ಅಲ್ಲಿಗೆ ಕುರಿ ಬಂದದ್ದು ಯುರೋಪಿನವ್ರ ಜೊತಿಗೆ, ಅದಕ್ಕಿಂತ ಎಷ್ಟೋ ಮೊದ್ಲಿನ ಮೋವಾ ಹಕ್ಕಿ ಪದರಿನ್ಯಾಗ ಕುರಿ ಡಿಎನ್ಎ ಸಿಕ್ತು! ಹ್ಯಾಂಗಂದ್ರ ಕುರಿ ಉಚ್ಚಿ ಹೊಯ್ದದ್ದು ಕೆಳಗ ಇಳಿದಿತ್ತು. 2007ರಾಗ ಇದು ಬರದ್ಮ್ಯಾಲ ಎಲ್ಲಾರೂ ಹುಷಾರಾದ್ರು. ಹೆಪ್ಪುಗಟ್ಟಿದ ನೆಲದಾಗ ಇಳ್ಯಂಗಿಲ್ಲ, ನೀರು ಇಂಗೋ ಮಣ್ಣಾಗ ಇಳೀತದ.

ಇದರಾಗ ನನಗ ಹೊಟ್ಟಿ ಉರಿಯೋ ಮಾತು ಇನ್ನೊಂದದ. ಗ್ರೀನ್‌ಲ್ಯಾಂಡಿನ ಡಿಎನ್ಎ 20 ಲಕ್ಷ ವರ್ಷ ಉಳಿಲಿಕ್ಕೆ ಥಂಡಿ ಒಂದೇ ಕಾರಣ ಅಲ್ಲ, ಜಿಗುಟು ಮಣ್ಣಿನ ಖನಿಜಗಳು ಅದನ್ನ ಗಟ್ಟಿ ಹಿಡ್ಕೊಂಡಿದ್ವು ಅಂತ ಅವ್ರೇ ಬರದಾರ, ಅದರಾಗೂ ಸ್ಮೆಕ್ಟೈಟ್ ಅನ್ನೋ ಜಾತಿ. ನಮ್ಮ ಎರಿ ಮಣ್ಣ ಅಂದ್ರ ಏನು? ಬಹುಪಾಲು ಸ್ಮೆಕ್ಟೈಟೇ! ಡಿಎನ್ಎ ಹಿಡ್ಕೊಳ್ಳಲಿಕ್ಕೆ ಅದರಂಥ ಮಣ್ಣ ಇಲ್ಲ, ಅದು ನಮ್ಮಲ್ಲಿ ಹೊಲ ಹೊಲ ತುಂಬ್ಯದ. ಆದ್ರ ಅದೇ ಸ್ಮೆಕ್ಟೈಟ್ ನೀರು ಕುಡಿದು ಉಬ್ತದ, ಒಣಗಿ ಬಿರೀತದ, ನೀವು ಹೇಳಿದಂಗ ಎಲ್ಲಾ ಕಲಸಿ ಇಡ್ತದ. ಹಿಡ್ಕೊಳ್ಳೋದೂ ಅದೇ, ಕೆಡಸೋದೂ ಅದೇ. ಮತ್ತ ಹಿಡ್ಕೊಂಡದ್ದನ್ನ ಲ್ಯಾಬ್‌ನಾಗ ಬಿಡಸ್ಲಿಕ್ಕೂ ಕಷ್ಟ, ಉಸುಕಿನ ಕಣದಿಂದ ಬಿಡಿಸಿದಷ್ಟು ಸರಳ ಇಲ್ಲ. ನಮ್ಮ ಕಡಿ ಮಂದಿ ಇದ್ದಂಗ, ಒಮ್ಮೆ ಹಿಡಿದ್ರ ಬಿಡಂಗಿಲ್ಲ 😄

ಬಿದ್ರಿ ಕಪ್ಪು

ಬೀದರದವ ನಾನು. ನಮ್ಮಲ್ಲಿ ಎರಿ ಕಡಿಮಿ, ಕೆಂಪು ಜಂಬಿಟ್ಟಿಗಿ. ಬಿದ್ರಿ ಕೆಲಸ ಮಾಡೋ ಉಸ್ತಾದರು ಸಾಮಾನು ಕರಿ ಮಾಡ್ಲಿಕ್ಕೆ ಬೀದರ ಕೋಟಿಯೊಳಗಿನ ಮಣ್ಣೇ ಬೇಕು ಅಂತಾರ, ಅದೂ ಬಿಸಿಲು ಮಳಿ ಕಾಣದ ಮೂಲಿ ಮಣ್ಣ, ನಾಲಿಗಿ ಮ್ಯಾಲಿಟ್ಟು ರುಚಿ ನೋಡಿ ಆರಸ್ತಾರ. ಅಕ್ಕಾ ಹೇಳೋದು ಕೇಳಿದ್ರ ಡಿಎನ್ಎ ಹುಡುಕೋರಿಗೂ ಅಂಥದೇ ಮಣ್ಣ ಬೇಕು ಅನಸ್ತದ. (ರುಚಿ ನೋಡಬ್ಯಾಡ್ರಿ ಮತ್ತ.)

ನನ್ನ ಪ್ರಶ್ನಿ, ನೌಬಾದ್ ಕರೇಜ್, ಅಂದ್ರ ನೆಲದಡಿ ನೀರು ಹರಿಸೋ ಹಳೇ ಸುರಂಗ, ಅದರ ಒಳಗಿನ ಕೆಸರು? ನೆಲದಡಿ, ಕತ್ತಲಿ, ತಣ್ಣಗ, ಸದಾ ಹಸಿ. ಬಹಮನಿ ಕಾಲದ್ದು.

ಲ್ಯಾಬ್ ಅಕ್ಕ

ಐಡಿಯಾ ಭಾರಿ ಅದ ಅಣ್ಣಾ. ಆದ್ರ ಹರಿಯೋ ನೀರು ಮ್ಯಾಲಿಂದು ಕೆಳಗ ಮಾಡ್ತದ, ಕೆಸರು ಒಂದ್ ಕಡಿ ಕೂಡಂಗಿಲ್ಲ. ನಿಂತ ನೀರಿನ ತಳದ ಕೆಸರು ಬೇಕು, ವರ್ಷಕ್ಕೊಂದು ಪದರು ಕೂತದ್ದು.

ಬಿದ್ರಿ ಕಪ್ಪು

ಮತ್ತ ಸ್ವಚ್ಛ ಮಾಡೋ ಮುಂದ ಹೂಳು ಗಾಡಿಗಟ್ಟಲೆ ಹೊರಗ ಹಾಕ್ಯಾರ, ಕೇಳಿದ್ದೇ ದಂಡ ಬಿಡ್ರಿ.

ಬೆಂಗ್ಳೂರ್ ಬಸ್ಸು

ನಾನು ಯಾದಗಿರಿಯವನೇ, ಹದಿನೈದು ವರ್ಷದಿಂದ ಬೆಂಗಳೂರಲ್ಲಿದೀನಿ, ಭಾಷೆ ಸ್ವಲ್ಪ ಕೆಟ್ಟಿದೆ, ಬೈಬೇಡಿ. ಒಂದು ಅನುಮಾನ. ಇದೆಲ್ಲಾ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂದ್ರೆ, ಬೂದಿದಿಬ್ಬ ಕಟ್ಟಿದೋರು ನಮ್ಮವರು, ನೀವು ಆಮೇಲೆ ಬಂದೋರು ಅಂತ ವಾಟ್ಸಾಪ್ ಜಗಳಕ್ಕೆ. ಎಲುಬು ಆದ್ರೂ ಒಬ್ಬ ಮನುಷ್ಯಂದು, ಮಣ್ಣಲ್ಲಿ ಸಿಕ್ಕ ಚೂರು ಯಾರದ್ದು ಅಂತ ಹೇಗೆ ಹೇಳ್ತೀರಿ?

ಲ್ಯಾಬ್ ಅಕ್ಕ

ಸಿಕ್ಕ ಚೂರು ಭಾಳ ಸಲ ಹಲವರದ್ದು ಕಲಸಿದ್ದು, ಅದು ಖರೇ. ಅಪರೂಪಕ್ಕ ಒಬ್ಬರದ್ದೇ ಸಿಗ್ತದ, ಜಾರ್ಜಿಯಾ ದೇಶದ ಸತ್ಸುರ್ಬ್ಲಿಯಾ ಗವಿ ಮಣ್ಣಾಗ 25 ಸಾವಿರ ವರ್ಷದ ಹಿಂದಿನ ಒಬ್ಬಾಕಿ ಹೆಣ್ಮಗಳದ್ದು 2021ರಾಗ ಓದಿದ್ರು, ಜೊತಿಗೇ ತೋಳದ್ದು, ಕಾಡೆಮ್ಮಿದು. ಆದ್ರ ಅದರಾಗ ಜಾತಿ ಸರ್ಟಿಫಿಕೇಟ್ ಬರಂಗಿಲ್ಲ ಅಣ್ಣಾ. ಜಗಳ ಮಾಡೋರಿಗೆ ಡಿಎನ್ಎ ಇಲ್ಲದಿದ್ರ ಬ್ಯಾರೆ ಏನಾದ್ರೂ ಸಿಗ್ತದ.

ನನ್ನ ಕೇಳಿದ್ರ ನಮ್ಮ ಕಡಿ ಮಂದಿ ಡಿಎನ್ಎಕ್ಕಿಂತ ದನ, ಹುಲ್ಲು, ಕಾಳು ಇವುಗಳದ್ದು ಹುಡುಕಬೇಕು. ಆ ದಿಬ್ಬದ ದನ ಇವತ್ತಿನ ದೇವಣಿ, ಖಿಲಾರಿ ಹಸುವಿನ ಬಳಗ ಏನು? ಆವಾಗ ಈ ಕೊಳ್ಳದಾಗ ಎಂಥ ಹುಲ್ಲಿತ್ತು, ಗಿಡ ಎಷ್ಟಿತ್ತು, ಯಾವಾಗ ಬೋಳಾಯ್ತು? ಆ ಪ್ರಶ್ನಿಗೆ ಯಾರೂ ಹೊಡದಾಡಂಗಿಲ್ಲ.

ಜ್ವಾಳದ ರೊಟ್ಟಿ

ಹೊಡದಾಡ್ತೀವಿ. ಆ ಮಂದಿ ಜ್ವಾಳದ ರೊಟ್ಟಿ ತಿಂತಿದ್ರೋ ಇಲ್ಲೋ ಮೊದ್ಲು ಹೇಳ್ರಿ.

ಸುರಪುರ ಮಾಸ್ತರ

ಇಲ್ಲ. ದಕ್ಷಿಣದ ಆ ಕಾಲದ ಊರುಗಳಾಗ ಸುಟ್ಟು ಕರಕಾಗಿ ಉಳಿದ ಕಾಳು ನೋಡಿ ಡೋರಿಯನ್ ಫುಲ್ಲರ್ ಅವ್ರು ಹೇಳಿದ್ದು ಹುರಳಿ, ಹೆಸರು, ಕೊರಲೆ, ನವಣಿ ಜಾತಿ ಹುಲ್ಲುಕಾಳು. ಜ್ವಾಳ ಮೂಲಕ್ಕ ಆಫ್ರಿಕಾದ್ದು, ಸುಡಾನ್ ಕಡಿ ಮಂದಿ ಪಳಗಿಸಿದ್ದು, ನಮ್ಮಲ್ಲಿ ಬಂದದ್ದು ಆಮ್ಯಾಲ.

ಜ್ವಾಳದ ರೊಟ್ಟಿ

ಏನಂದ್ರಿ??? ಆಫ್ರಿಕಾ? ಇವತ್ತು ಮನ್ಯಾಗ ಹೇಳಿದ್ರ ನಮ್ಮವ್ವ ರೊಟ್ಟಿ ಬಡ್ಯೋದು ಬಿಟ್ಟು ನನ್ನ ಬಡೀತಾಳ.

ತೊಗರಿ ಖಣಜ

ತೊಗರಿಯಾದ್ರೂ ನಮ್ಮದು ಹೌದಲ್ರಿ? ಜಿಐ ಟ್ಯಾಗ್ ಬ್ಯಾರೆ ಕೊಟ್ಟಾರ.

ಲ್ಯಾಬ್ ಅಕ್ಕ

ತೊಗರಿ ನಮ್ಮ ದೇಶದ್ದೇ ಕಾಕಾ, ಅದರ ಕಾಡು ಬಳಗ ಒಡಿಶಾ ಬಸ್ತರ್ ಕಡಿ ಈಗೂ ಅದ. ಮತ್ತ ತೊಗರಿಗೆ ಒಂದ್ ಅನುಕೂಲ, ಅದರ ಪೂರ್ತಿ ಜೀನೋಮ್, ಅಂದ್ರ ಡಿಎನ್ಎದ ಇಡೀ ಬರಹ, 2011ರಾಗೇ ನಮ್ಮ ಹೈದರಾಬಾದ್ ಹತ್ರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನೋ ಬೆಳಿ ಸಂಶೋಧನಾ ಸಂಸ್ಥೆಯವ್ರು ಮುಂದ ನಿಂತು ಓದಿ ಮುಗಸ್ಯಾರ. ಇದು ಯಾಕ ಹೇಳ್ಲಿಕತ್ತೀನಿ ಅಂದ್ರ, ಮಣ್ಣಾಗ ಸಿಕ್ಕ ಚೂರನ್ನ ಮೊದ್ಲೇ ಗೊತ್ತಿರೋ ಜೀನೋಮ್ ಜೊತಿ ಹೊಂದಿಸಿ ನೋಡಿ ಹೆಸರು ಹೇಳ್ಬೇಕು. ನಮ್ಮ ಬೆಟ್ಟದ ಹುಲ್ಲು, ಮುಳ್ಳುಕಂಟಿ, ಕಾಡುಗಿಡ ಎಷ್ಟೋ ಆ ಪಟ್ಟಿಯಾಗ ಇಲ್ಲ. ಪಟ್ಟಿಯಾಗ ಇಲ್ಲದ್ದು ಕಣ್ಣಮುಂದ ಸಿಕ್ರೂ ಮಿಷಿನ್ ಗುರುತಿಸಂಗಿಲ್ಲ, ಇಲ್ಲಾ ದೂರದ ಯಾವ್ದೋ ವಿದೇಶಿ ಗಿಡದ ಹೆಸರು ಹೇಳ್ತದ. ಹಂಗಾಗಿ ಹಳೇ ಮಣ್ಣ ತೆಗ್ಯೋ ಮೊದ್ಲು ಇವತ್ತಿನ ನಮ್ಮ ಗಿಡಗಂಟಿ ಓದೋ ಕೆಲಸ ಅದ, ಅದಕ್ಕ ಯಾರೂ ವಿಡಿಯೋ ಮಾಡಂಗಿಲ್ಲ.

ಎರಿಹೊಲದ ಹುಡುಗ

ಅಕ್ಕಾ ಹಂಗಾದ್ರ ನಮ್ಮ ಕಡಿ ಎಲ್ಲಿ ಹುಡುಕ್ಬೇಕು? ಒಂದ್ ಜಾಗನಾದ್ರೂ ಹೇಳ್ರಿ, ಪೂರಾ ಇಲ್ಲ ಅನಬ್ಯಾಡ್ರಿ.

ಲ್ಯಾಬ್ ಅಕ್ಕ

ಪೂರಾ ಇಲ್ಲ ಅನ್ನಂಗಿಲ್ಲ. ನನ್ನ ಅನಿಸಿಕಿ ಹೇಳ್ತೀನಿ. ದಿಬ್ಬದ ಬೂದಿ ಬಿಟ್ಟು ಅಲ್ಲೇ ಅಗೆದಾಗ ಸಿಕ್ಕ ದನದ ಹಲ್ಲು, ಕಿವಿ ಹತ್ರದ ಗಟ್ಟಿ ಎಲುಬು ಮೊದ್ಲು ನೋಡ್ಬೇಕು. ಮಣ್ಣು ಅಂದ್ರ ಸುಣ್ಣದ ಗಟ್ಟಿ ಪದರು ಮ್ಯಾಲೆ ಮುಚ್ಚಿ ನೀರು ಇಂಗದ ಜಾಗ, ಬಿರುಕು ಮುಟ್ಟದ ಆಳ. ಇಸಾಂಪುರದ 12 ಲಕ್ಷ ವರ್ಷ ಮರ್ತಬಿಡು, ಈ ಬಿಸಿಲಾಗ ಅದು ಆಗದ ಮಾತು. ಇನ್ನೊಂದು ಹಳೇ ಕೆರಿಗಳ ತಳ. ಕಲ್ಯಾಣದ ಚಾಲುಕ್ಯರ ಕಾಲದ ಕೆರಿ ಅಂದ್ರ ಒಂಬೈನೂರು ವರ್ಷದ ಹೂಳು, ಅಷ್ಟು ಕಾಲ ಅಂದ್ರ ಆಸೆ ಇಟ್ಕೋಬಹುದು. ಸುತ್ತಲಿನ ಹೊಲದಾಗ ಏನ್ ಬಿತ್ತಿದ್ರು, ಜ್ವಾಳ ಎಷ್ಟು, ಹತ್ತಿ ಯಾವಾಗ ಬಂತು, ಯಾವ ದನ ನೀರು ಕುಡೀಲಿಕ್ಕೆ ಬರ್ತಿತ್ತು ಎಲ್ಲಾ ಹರಿದು ಬಂದು ಅಲ್ಲೇ ಕೂತಿರ್ತದ.

ತೊಗರಿ ಖಣಜ

ಅಯ್ಯ. ನಮ್ಮೂರ ಕೆರಿ ಹೂಳು ಎರಡ್ ವರ್ಷದ ಹಿಂದ ತೆಗದ್ವಿ. ಜೆಸಿಬಿ ಹಚ್ಚಿ, ಹನ್ನೆರಡು ಫೂಟ್. ನನ್ನ ಹೊಲಕ್ಕೇ ನಲವತ್ತು ಟ್ರ್ಯಾಕ್ಟರ್ ಹೊಡಸೀನಿ.

ಸುರಪುರ ಮಾಸ್ತರ

ಒಂಬೈನೂರು ವರ್ಷದ ದಫ್ತರ ತೊಗರಿಗೆ ಗೊಬ್ಬರ ಆಯ್ತು ಅನ್ರಿ. ಒಂದ್ ಕಡಿ ಆದ್ರೂ ಹತ್ತು ಫೂಟ್ ಜಾಗ ಮುಟ್ಟದಂಗ ಬಿಟ್ಟಿದ್ರ ಏನಾಗ್ತಿತ್ತು?

ತೊಗರಿ ಖಣಜ

ಮಾಸ್ತರ್ರೇ ಸಿಟ್ಟಾಗಬ್ಯಾಡ್ರಿ. ಆ ವರ್ಷ ಊರಾಗ ಕುಡೀಲಿಕ್ಕೆ ಟ್ಯಾಂಕರ್ ನೀರು, ದನಕ್ಕ ಅದೂ ಇಲ್ಲ. ಹೂಳು ತೆಗೆದ ಮ್ಯಾಲ ಎರಡು ಬ್ಯಾಸಗಿ ಬೋರ್‌ನಾಗ ನೀರದ. ನೀವು ದಫ್ತರ ಅಂತೀರಿ, ನಮಗ ಅದು ನೀರು ನಿಲ್ಲೋ ಜಾಗ ತಿಂದ ಮಣ್ಣ. ಮೊದ್ಲೇ ಯಾರಾದ್ರೂ ಬಂದು ಒಂದ್ ಪೈಪ್ ಹೊಡದು ತಗೊಂಡ್ ಹೋಗಿದ್ರ ನಾವೇ ಚಹಾ ಕುಡಿಸಿ ಕಳಿಸ್ತಿದ್ವಿ. ಯಾರೂ ಬರಲಿಲ್ಲ.

ಮತ್ತ ಹೇಳ್ತೀನಿ, ನಮ್ಮ ಕೆರಿ ಮಾರ್ಚಿಗೇ ಒಣಗಿ ಬಿರೀತಿತ್ತು. ಅಕ್ಕಾರು ಹೇಳಿದ ಪದರು ಅದರಾಗ ಇತ್ತೋ ಇಲ್ಲೋ.

ಲ್ಯಾಬ್ ಅಕ್ಕ

ಕಾಕಾ ಹೇಳೋದು ಸರಿ ಅದ ಮಾಸ್ತರ್ರೇ. ನೀರಿಲ್ಲದ ಊರಿಗೆ ಹೂಳು ಮುಟ್ಟಬ್ಯಾಡ್ರಿ ಅನ್ನೋದು ನಮ್ಮ ಬಾಯಿಗೆ ಒಪ್ಪಂಗಿಲ್ಲ. ಹೂಳು ತೆಗ್ಯೋ ಮೊದ್ಲು ಒಂದ್ ಪೈಪ್ ಹೊಡಿಯೋದು ಅರ್ಧ ದಿನದ ಕೆಲಸ, ಅಷ್ಟೇ ನಿಯಮ ಆದ್ರ ಸಾಕು. ಗ್ರೀನ್‌ಲ್ಯಾಂಡಿನವ್ರೂ 2006ರಾಗ ತಂದ ಮಣ್ಣನ್ನ ಫ್ರೀಜರ್‌ನಾಗ ಇಟ್ಟು ವರ್ಷ ವರ್ಷ ಪ್ರಯತ್ನ ಮಾಡಿ ಸೋತಿದ್ರು, ಮಿಷಿನ್ ಸುಧಾರಿಸಿದ ಮ್ಯಾಲ 2022ಕ್ಕ ಫಲ ಬಂತು. ಮಣ್ಣ ಇಟ್ರ ಮುಂದ ಯಾರಾದ್ರೂ ಓದ್ತಾರ. ನಮ್ಮ ದೇಶದಾಗೂ ಲಖನೌದ ಬೀರಬಲ್ ಸಾಹನಿ ಸಂಸ್ಥೆ, ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರ ಇಂಥ ಕಡಿ ಪುರಾತನ ಡಿಎನ್ಎ ಕೆಲಸ ನಡದದ.

ತಮ್ಮಾ, ನಿನ್ನ ಪಾಕೀಟ್ ಎಲ್ಲಿಗೂ ಕಳಸಬ್ಯಾಡ. ಎಷ್ಟು ಆಳದ್ದು, ಯಾವ ಪದರಿಂದು ಅಂತ ಗೊತ್ತಿಲ್ಲದ ಮಣ್ಣಿಗೆ ಬೆಲಿ ಇಲ್ಲ. ಪರವಾನಿಗಿ ಇಲ್ಲದ ಅಗೆಯೋದು ಕಾನೂನಿಗೂ ತಪ್ಪು. ತಂದ ಜಾಗದಾಗೇ ಹಾಕಿ ಬಾ. ಇಷ್ಟು ಆಸಕ್ತಿ ಇದ್ರ ದಿಬ್ಬದ ಫೋಟೋ ತಗೀ, ಯಾವ ಮಗ್ಗಲ ಕುಸ್ದದ, ಯಾರ್ ಟ್ರ್ಯಾಕ್ಟರ್‌ನಾಗ ಬೂದಿ ಒಯ್ಲಿಕತ್ತಾರ ಅಂತ ತಾರೀಖು ಹಾಕಿ ಬರದಿಡು.

ಎರಿಹೊಲದ ಹುಡುಗ

ಫೋಟೋ ತಗೀತೀನಿ ಅಕ್ಕಾ. ಆದ್ರ ಪಾಕೀಟ್ ವಾಪಸ್ ಹಾಕೋದು ಆಗಂಗಿಲ್ಲ.

ಈಗ ಫ್ರಿಜ್ ತೆಗದು ನೋಡ್ದೆ, ಇಲ್ಲ. ಅವ್ವನ್ನ ಕೇಳ್ದೆ. ಫ್ರಿಜ್‌ನಾಗ ಮಣ್ಣ ಇಡೋ ಹುಚ್ಚ ಯಾರಪ್ಪಾ ಅಂತ ಬೈದು, ಬೂದಿ ಮಣ್ಣ ಛಲೋ ಅದ ಅಂತ ನಿನ್ನೇನೇ ಕರಿಬೇವಿನ ಗಿಡಕ್ಕ ಹಾಕ್ಯಾಳಂತ.

ತೊಗರಿ ಖಣಜ

ಸರಿ ಮಾಡ್ಯಾರ. ಕರಿಬೇವಿಗೆ ಬೂದಿ ಭಾಳ ಛಲೋ, ಮ್ಯಾಲೆ ಒಂದ್ ತಂಬಿಗಿ ಹುಳಿ ಮಜ್ಜಿಗಿ ಹಾಕು ಅನ್ರಿ ಅವ್ವಗ.